ದೀಪದ ಎತ್ತರ ಸರಿಮಾಡಿದ ಅಣ್ಣನಿಗೆ

ಆಗುಂಬೆ ಘಾಟಿಯ ಬಿಡದ ಮಳೆಯಲ್ಲಿ ನೆನೆದುಕೊಂಡೇ ಹಂದಿ ಶೆಡ್ಡಿಗೆ ಬಂದು, ಹೆಸರೂ ಹೇಳದೆ ಹೋದ ಅಣ್ಣಾ, ನಿಮಗೆ ಧನ್ಯವಾದ.

ನೀವು ಮೊದಲು ನೋಡಿದ್ದು ಥರ್ಮಾಮೀಟರನ್ನಲ್ಲ, ಮರಿಗಳು ಮಲಗಿದ್ದ ರೀತಿಯನ್ನು. ಒಂದರ ಮೇಲೊಂದು ಗುಪ್ಪೆಯಾಗಿದ್ದರೆ ಚಳಿ, ಬಿಸಿ ಕೊಡುವ ದೀಪ ಬಿಟ್ಟು ದೂರ ಸರಿದಿದ್ದರೆ ಸೆಕೆ, ಪಕ್ಕಪಕ್ಕ ಕಾಲು ಚಾಚಿದ್ದರೆ ಸರಿ. ಆಗತಾನೇ ಹುಟ್ಟಿದ ಮರಿಗೆ 32ರಿಂದ 35 ಡಿಗ್ರಿ ಬೇಕು, ತಾಯಿಗೆ 20ರ ಆಸುಪಾಸು ಸಾಕು. ಇಡೀ ಶೆಡ್ಡು ಕಾಯಿಸಿದರೆ ತಾಯಿ ಮೇವು ಬಿಡುತ್ತದೆ, ಹಾಲು ಕಡಿಮೆಯಾಗುತ್ತದೆ. ಅದಕ್ಕೇ ಮೂಲೆಗೆ ಪೈಪು ಅಡ್ಡಹಾಕಿ, ಮರಿಗಳಷ್ಟೇ ನುಸುಳುವ ಜಾಗ ಮಾಡಿಸಿದಿರಿ. ತಾಯಿ ಮೈಕೆಳಗೆ ಸಿಕ್ಕಿ ಸಾಯುವುದೂ ಇದರಿಂದ ಕಡಿಮೆ.

250 ವ್ಯಾಟಿನ ಇನ್‌ಫ್ರಾರೆಡ್ ಬಲ್ಬು ಪ್ಲಾಸ್ಟಿಕ್ ಹೋಲ್ಡರಿನಲ್ಲಿ, ಬರೀ ವೈರಿಗೆ ಜೋತುಬಿದ್ದಿತ್ತು. ಒಣಹುಲ್ಲಿನ ಮೇಲೆ ಕಳಚಿಬಿದ್ದಿದ್ದರೆ ಶೆಡ್ಡೇ ಹೋಗುತ್ತಿತ್ತು. ಪಿಂಗಾಣಿ ಹೋಲ್ಡರು, ಕಬ್ಬಿಣದ ಸರಪಳಿ, ಹಾಸಿನಿಂದ ಎರಡಡಿ ಎತ್ತರ: ಹತ್ತು ನಿಮಿಷದ ಕೆಲಸ.

ಮೂಲೆಯಲ್ಲಿ ಬಿದ್ದಿದ್ದ ಮರಿಯ ಬಾಯಿಗೆ ಬೆರಳಿಟ್ಟಿರಿ. ತಣ್ಣಗಿತ್ತು. ಹಂದಿಮರಿಗೆ ಮೈ ಬಿಸಿಮಾಡುವ ಕಂದು ಕೊಬ್ಬೇ ಇರುವುದಿಲ್ಲ. ಒದ್ದೆ ಮೈಯಲ್ಲಿ ಬೇಗ ಸೋಲುತ್ತದೆ. ನಾವು ಹಾಲು ಹೊಯ್ಯಲು ಹೊರಟಿದ್ದೆವು, ನೀವು ಬೇಡವೆಂದಿರಿ: ತಣ್ಣಗಿರುವ ಮರಿ ನುಂಗಲಾರದು, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು 40 ಡಿಗ್ರಿ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿ, ಮೈ ಚೆನ್ನಾಗಿ ಒರೆಸಿ, ಚೀಪುವ ಶಕ್ತಿ ಬಂದಮೇಲೆ ಗಿಣ್ಣುಹಾಲು.

ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಗೋಣಿ ಸುತ್ತಿ ಇಡುತ್ತಿದ್ದೇವೆ. ನಿಮ್ಮ ಟಾರ್ಚು ಇಲ್ಲೇ ಉಳಿದಿದೆ.