ಸಂಕ್ರಾಂತಿಗೆ ಮುಂಚೆ ಅಕ್ಕನಿಗೊಂದು ಪತ್ರ

ಲೀಡ್ಸ್, ಇಂಗ್ಲೆಂಡ್
ಡಿಸೆಂಬರ್ 14

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನೀನು, ಭಾವ, ಮಕ್ಕಳು, ಅಮ್ಮ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಇಲ್ಲಿ ಚಳಿ ಜೋರು. ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಪುಟ್ಟಿಯನ್ನು ಸ್ಕೂಲಿನಿಂದ ಕರೆತರುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತವೆ.

ಫೋನಿನಲ್ಲಿ ಹೇಳೋಣವೆಂದರೆ ನೀನು "ಕುಕ್ಕರ್ ಕೂಗ್ತಿದೆ ಕಣೇ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಗೌರಿ ಹಬ್ಬದ ದಿನ ನೀನು "ನಾಳೆ ಗಣೇಶನೂ ಮುಗಿದರೆ ಸಾಕು, ಬ್ಯಾಂಕಿಗೆ ಹೋಗಿ ಕೂತರೆ ಅಲ್ಲೇ ರೆಸ್ಟು" ಅಂದಿದ್ದೆ. ನಕ್ಕುಕೊಂಡೇ ಹೇಳಿದೆ, ಆದರೂ ನನಗೆ ಅದು ತಮಾಷೆ ಅನ್ನಿಸಲಿಲ್ಲ.

ಈಗ ಇಲ್ಲಿ ಕ್ರಿಸ್‌ಮಸ್. ಸುತ್ತಮುತ್ತ ಕೆಲಸಕ್ಕೆ ಹೋಗುವ ತಾಯಂದಿರನ್ನು ನೋಡುತ್ತಿದ್ದರೆ ನಿನ್ನದೇ ನೆನಪು. ಹಬ್ಬ ಇರುವುದು 25ಕ್ಕೆ. ಓಡಾಟ ಮಾತ್ರ ನವೆಂಬರಿನಿಂದಲೇ. ಸ್ಕೂಲಿನಲ್ಲಿ ಏಸು ಹುಟ್ಟಿದ ಕಥೆಯ ನಾಟಕ, ಮಗು ಕುರಿಯಾದರೆ ಕುರಿಯ ವೇಷ, ದೇವತೆಯಾದರೆ ರೆಕ್ಕೆ. ಕುರುಬನಾದರೆ ಪುಣ್ಯ, ತಲೆಗೊಂದು ಅಡುಗೆಮನೆ ಟವೆಲ್ ಕಟ್ಟಿದರೆ ಆಯಿತು! ಕ್ರಿಸ್‌ಮಸ್ ಸ್ವೆಟರ್ ಹಾಕಿಕೊಂಡು ಹೋಗುವ ದಿನ ಬೇರೆ ಇರುತ್ತದೆ. ಕ್ಲಾಸಿನ ಎಲ್ಲ ಮಕ್ಕಳಿಗೂ ಕಾರ್ಡು. ದೂರದ ನೆಂಟರಿಗೆ ಕಳಿಸುವ ಕಾರ್ಡನ್ನು ಅಂಚೆಯವರು ಹೇಳಿದ ಕೊನೆಯ ತಾರೀಖಿನೊಳಗೆ ಹಾಕಬೇಕು.

ಇದರ ಮೇಲೆ ಎಲ್ಫ್ ಅಂತ ಒಂದು ಗೊಂಬೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಓಡಾಡುತ್ತದೆ ಅಂತ ಮಕ್ಕಳು ನಂಬಿರುತ್ತಾರೆ. ಹಾಗಾಗಿ ದಿನಾ ರಾತ್ರಿ ಯಾರಾದರೂ ಅದರ ಜಾಗ ಬದಲಿಸಬೇಕು. ಯಾರು ಹೇಳು? ನನ್ನ ಆಫೀಸಿನ ಒಬ್ಬಾಕೆ ಡಿಸೆಂಬರ್ ಪೂರ್ತಿ ನಡುರಾತ್ರಿ "ಅಯ್ಯೋ, ಎಲ್ಫು!" ಅಂತ ಎದ್ದು ಕೂರುತ್ತಾಳೆ. ಈ ಪದ್ಧತಿ ಅಮೆರಿಕದಲ್ಲಿ ಶುರುವಾದದ್ದೇ 2005ರಲ್ಲಿ. ಅಷ್ಟರಲ್ಲೇ ನಮ್ಮ ಅಜ್ಜಿಯ ಮಡಿಗಿಂತ ಬಿಗಿಯಾಗಿಬಿಟ್ಟಿದೆ.

ಟರ್ಕಿ ಕೋಳಿಯ ಲೆಕ್ಕವಂತೂ ಕೇಳಬೇಡ. ಫ್ರೀಜರಿನಿಂದ ತೆಗೆದು ಫ್ರಿಜ್ಜಿನಲ್ಲಿಟ್ಟರೆ ಕಿಲೋಗೆ 10ರಿಂದ 12 ಗಂಟೆ ಬೇಕಂತೆ ಐಸು ಬಿಡಲು. ಐದು ಕಿಲೋದ ಹಕ್ಕಿಯಾದರೆ ಎರಡು ದಿನದ ಮೇಲೆ! 25ರಂದು ರೈಲಿಲ್ಲ. ದೊಡ್ಡ ಅಂಗಡಿಗಳು ತೆರೆಯಬಾರದು ಅಂತ 2004ರ ಕಾನೂನೇ ಇದೆ. ಒಂದು ಸಾಮಾನು ಮರೆತರೂ ಕಷ್ಟ. ಹಾಗಾಗಿ ಅವರ ಕೈಗಿಂತ ತಲೆಗೇ ಕೆಲಸ ಜಾಸ್ತಿ.

ಅಕ್ಕ, ನಾನು ಹೇಳಬೇಕೆಂದಿರುವುದು ಇದನ್ನೇ. ಭಾವ ಕೆಲಸ ಮಾಡುವುದಿಲ್ಲ ಅಂತ ನಾನೆಂದೂ ಹೇಳುವುದಿಲ್ಲ. ಮಾವಿನೆಲೆ ತಾ ಅಂದರೆ ತರುತ್ತಾರೆ. ತೆಂಗಿನಕಾಯಿ ಸುಲಿ ಅಂದರೆ ಸುಲಿಯುತ್ತಾರೆ. ಆದರೆ ಪ್ರತಿಯೊಂದನ್ನೂ ನೀನು ನೆನಪಿಟ್ಟುಕೊಂಡು ಹೇಳಬೇಕು. ಬಾಗಿನದ ಮೊರ ಎಷ್ಟು, ಬಳೆ ಯಾರಿಗೆ ಯಾವ ಅಳತೆ, ಕಡುಬಿಗೆ ಅಕ್ಕಿ ಹಿಟ್ಟು ಮಾಡಿಸಿದ್ದಾಯಿತಾ, ಹೂವಿನವಳಿಗೆ ಮುಂಚೆಯೇ ಹೇಳಿದ್ದಾಯಿತಾ. ಇಷ್ಟೂ ನಿನ್ನ ತಲೆಯಲ್ಲೇ. ಕೌಂಟರಿನಲ್ಲಿ ಕೂತು ಬೇರೆಯವರ ದುಡ್ಡು ಎಣಿಸುವಾಗಲೂ ಅಲ್ಲೇ ಓಡುತ್ತಿರುತ್ತದೆ, ಅಲ್ವಾ?

ನಮ್ಮ ಪಕ್ಕದ ಮನೆಯಾಕೆ ಹೋದ ವರ್ಷ ಒಂದು ಕೆಲಸ ಮಾಡಿದಳು. ಗಂಡನ ಕಡೆಯವರ ಉಡುಗೊರೆ, ಕಾರ್ಡು, ಫೋನು ಪೂರ್ತಿ ಗಂಡನಿಗೇ ಬಿಟ್ಟಳು. ನೆನಪಿಸುವುದೂ ಇಲ್ಲ, ಕೇಳುವುದೂ ಇಲ್ಲ. ಅವನು ಅತ್ತೆಗೆ ಕಾರ್ಡು ಕಳಿಸಿದ್ದು ತಡವಾಯಿತು, ಅತ್ತೆ ಮುನಿಸಿಕೊಂಡರು. ಮಗನ ಮೇಲೆ ಮುನಿಸಿಕೊಂಡರು, ಇವಳ ಮೇಲಲ್ಲ. ಈ ವರ್ಷ ಅವನು ನವೆಂಬರಿನಲ್ಲೇ ಅಂಗಡಿಗೆ ಹೋಗಿ ಬಂದ. ಆಫೀಸಿನ ಇನ್ನೊಬ್ಬಾಕೆಯ ಮನೆಯಲ್ಲಿ ದೊಡ್ಡವರೆಲ್ಲ ಚೀಟಿ ಎತ್ತುತ್ತಾರೆ. ಒಬ್ಬರು ಒಬ್ಬರಿಗೆ ಮಾತ್ರ ಉಡುಗೊರೆ ಕೊಡುವುದು, ಅದೂ ಹತ್ತು ಪೌಂಡಿನೊಳಗೆ.

ನಾನೂ ದೀಪಾವಳಿಯನ್ನು ಶನಿವಾರಕ್ಕೆ ತಳ್ಳಿದೆ. ಇಲ್ಲಿ ಹೇಗೂ ರಜಾ ಇಲ್ಲ. ಅಭ್ಯಂಜನ ಮಾತ್ರ ಅದೇ ದಿನ ಬೆಳಗ್ಗೆ ಆಯಿತು. ಹೋಳಿಗೆ ಬಿಟ್ಟು ಶಾವಿಗೆ ಪಾಯಸ ಮಾಡಿದೆ. ಊಟಕ್ಕೆ ಬಂದವರಿಗೆ ಒಬ್ಬೊಬ್ಬರು ಒಂದೊಂದು ತನ್ನಿ ಅಂದೆ. ಕೋಸಂಬರಿ, ಪುಳಿಯೋಗರೆ, ಬಜ್ಜಿ ಎಲ್ಲ ಬಂತು. ನಮ್ಮ ಯಜಮಾನರು ಪಾತ್ರೆ ತೊಳೆದರು. ಯಾರೂ ಹೋಳಿಗೆ ಎಲ್ಲಿ ಅಂತ ಕೇಳಲಿಲ್ಲ.

ಇನ್ನೊಂದು ತಿಂಗಳಿಗೆ ನಿನಗೆ ಸಂಕ್ರಾಂತಿ. ಎಳ್ಳಿನ ಕೆಲಸ ಪೂರ್ತಿ ಈ ಸಲ ಭಾವನಿಗೆ ಕೊಡು. ಪೂರ್ತಿ ಅಂದರೆ ಎಷ್ಟು ಮನೆಗೆ ಎಷ್ಟು ಬೇಕು ಅನ್ನುವ ಲೆಕ್ಕದಿಂದ ಹಿಡಿದು ಪೊಟ್ಟಣ ಕಟ್ಟುವವರೆಗೆ. ನೀನು ಪಟ್ಟಿ ಮಾಡಿಕೊಡಬೇಡ, ಪಟ್ಟಿ ಮಾಡುವುದೇ ಅರ್ಧ ಕೆಲಸ. ಕೊಬ್ಬರಿ ಕೊರೆಯಲು ಆಗದಿದ್ದರೆ ಮೈಸೂರಿನ ಅಂಗಡಿಗಳಲ್ಲಿ ಹೆಚ್ಚಿದ್ದೇ ಸಿಗುತ್ತದೆ, ಅದನ್ನೇ ತರಲಿ. ಮಕ್ಕಳು ಕಡಲೆಬೀಜದ ಸಿಪ್ಪೆ ಉಜ್ಜಲಿ. ಮನೆತುಂಬ ಸಿಪ್ಪೆ ಹಾರಿದರೆ ಹಾರಲಿ, ನೀನು ಪೊರಕೆ ಹಿಡಿಯಬೇಡ.

ಅಮ್ಮ ಸುಮ್ನೆ ಇರುವುದಿಲ್ಲ ಅಂತ ಗೊತ್ತು. "ನಾವು ಮಾಡಲಿಲ್ವಾ?" ಅನ್ನುತ್ತಾರೆ. ಮಾಡಿದರು, ನಿಜ. ಆದರೆ ಆಗ ಅಜ್ಜಿ ಕೊಬ್ಬರಿಯ ಕಪ್ಪು ಹೆರೆದು ಕೊಡುತ್ತಿದ್ದರು, ದೊಡ್ಡಮ್ಮ ಹೆಚ್ಚುತ್ತಿದ್ದರು, ಚಿಕ್ಕಮ್ಮ ಅಚ್ಚು ಬೆಲ್ಲ ಕತ್ತರಿಸುತ್ತಿದ್ದರು. ಬಿಸಿಲಲ್ಲಿ ಒಣಗಿಹಾಕಿದ್ದಕ್ಕೆ ಕಾಗೆ ಬರದ ಹಾಗೆ ಕಾಯುತ್ತಿದ್ದವರು ನಾವಿಬ್ಬರು. ನಾಲ್ಕು ಹೆಂಗಸರ ಕೆಲಸ ಅದು, ಅವರಲ್ಲಿ ಒಬ್ಬರೂ ಬೆಳಗ್ಗೆ ಹತ್ತಕ್ಕೆ ಬ್ಯಾಂಕಿನಲ್ಲಿರಬೇಕಾಗಿರಲಿಲ್ಲ. ಈಗ ಆ ನಾಲ್ವರ ಕೆಲಸ ಒಬ್ಬಳೇ ಮಾಡುತ್ತಿದ್ದೀಯ. ಅಮ್ಮನಿಗೆ ಇದನ್ನು ನಾನೇ ಭಾನುವಾರ ಫೋನ್ ಮಾಡಿ ಹೇಳುತ್ತೇನೆ. ನನ್ನ ಮೇಲೆ ಬೈದರೆ ಇಷ್ಟು ದೂರ ಅಷ್ಟೇನೂ ತಾಗುವುದಿಲ್ಲ.

ಸಕ್ಕರೆ ಅಚ್ಚು ಮಾತ್ರ ಅಮ್ಮನೇ ಮಾಡಲಿ. ಅವರಿಗೆ ಅದು ಇಷ್ಟ, ಪಾಕದ ಹದ ನಮಗೆ ಯಾರಿಗೂ ಬರುವುದೂ ಇಲ್ಲ. ಪುಟ್ಟಿಗೆ ಎರಡು ಆನೆ, ಒಂದು ನವಿಲು ಬೇಕಂತೆ. ಭಾವನ ಸ್ನೇಹಿತರು ಫೆಬ್ರವರಿಯಲ್ಲಿ ಈ ಕಡೆ ಬರುತ್ತಾರೆ ಅಂದಿದ್ದೆಯಲ್ಲ, ಅವರ ಕೈಯಲ್ಲಿ ಕಳಿಸಲು ಆಗುತ್ತದಾ ಕೇಳಿ ನೋಡು. ಅಲ್ಲ, ನೀನು ಕೇಳಬೇಡ. ಭಾವನಿಗೇ ಕೇಳಲು ಹೇಳು.

ನಿನ್ನ ಪ್ರೀತಿಯ ತಂಗಿ