ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ನಮಗೆ ಬೇಕಿರುವುದು ಅನುದಾನವಲ್ಲ, ಒಂದು ಲಿಖಿತ ಆದೇಶ

ಮಾನ್ಯರೇ,

ಓಪನ್ ಸೋರ್ಸ್ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು, ಮಂಡ್ಯದ ಜನರಿಗೆ ಕಲಿಸಲು ಹೊರಟಿರುವ ಒಂದು ಸಣ್ಣ ಸ್ವಯಂಸೇವಕರ ತಂಡದ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಬೇಡಿಕೆ ಎರಡು. ಸರ್ಕಾರಿ ಶಾಲೆಗಳಲ್ಲಿ ಮೂಲೆಗೆ ಬಿದ್ದಿರುವ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡಲು ಲಿಖಿತ ಅನುಮತಿ ಕೊಡಿ. ಭಾನುವಾರ ಕೂರಲು ಯಾವುದಾದರೂ ಸಾರ್ವಜನಿಕ ಕಟ್ಟಡದಲ್ಲಿ ಒಂದು ಕೊಠಡಿ ಕೊಡಿ. ಹಣ ಬೇಡ, ಸನ್ಮಾನ ಬೇಡ, ಫ್ಲೆಕ್ಸ್ ಬೇಡ. ಇಷ್ಟನ್ನೇ ಅರ್ಜಿಯಲ್ಲಿ ಬರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದೇವೆ. ಸ್ವೀಕೃತಿ ಮೊಹರು ಎಲ್ಲ ಪ್ರತಿಗಳ ಮೇಲೂ ಬಿದ್ದಿದೆ, ಹಿಂಬರಹ ಒಂದಕ್ಕೂ ಬಂದಿಲ್ಲ. ಬೇರೆ ದಾರಿ ಕಾಣದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ತಂಡ ಎಂದರೆ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಡಿಟಿಪಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಮತ್ತು ನಾನು. ಒಂದು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಸೇರುತ್ತೇವೆ. ಅಲ್ಲಿರುವುದು ಒಂದೇ ಪ್ಲಗ್ ಪಾಯಿಂಟ್. ಜಾಗ ಸಾಲದೆ ಮಕ್ಕಳು ಮೆಟ್ಟಿಲ ಮೇಲೆ ಕುಳಿತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಯೂನಿಕೋಡ್ ಕನ್ನಡ ಟೈಪ್ ಮಾಡುವುದನ್ನು ಕಲಿಯುತ್ತಾರೆ. ಮಳವಳ್ಳಿ, ನಾಗಮಂಗಲದ ಕಡೆಯಿಂದ ಹಳೆಯ ಸಿಪಿಯು ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತು ತರುವವರಿದ್ದಾರೆ. ಹೋಗುವಾಗ ಅದು ಕೆಲಸ ಮಾಡುತ್ತಿರುತ್ತದೆ, ಅವರ ಕೈಯಿಂದ ಒಂದು ರೂಪಾಯಿ ಖರ್ಚಾಗಿರುವುದಿಲ್ಲ. 2004ರಿಂದ ಜಗತ್ತಿನ ಹಲವು ಊರುಗಳಲ್ಲಿ ಆಚರಿಸುತ್ತ ಬಂದಿರುವ ಸಾಫ್ಟ್‌ವೇರ್ ಸ್ವಾತಂತ್ರ್ಯ ದಿನವನ್ನು ಕಳೆದ ಸೆಪ್ಟೆಂಬರಿನಲ್ಲಿ ನಾವು ಆ ಮಹಡಿಯಲ್ಲೇ ಮಾಡಿದೆವು. ಬಂದವರಲ್ಲಿ ಅರ್ಧದಷ್ಟು ಜನ ರಸ್ತೆಯಲ್ಲೇ ನಿಂತಿದ್ದರು.

ಕೊಠಡಿ ಕೇಳಿದರೆ ಮೊದಲು ಸಂಘದ ನೋಂದಣಿ ಪತ್ರ ತನ್ನಿ ಎಂದರು, ತಂದೆವು. ಬಳಿಕ ಸಂಬಂಧಪಟ್ಟ ಇಲಾಖೆಯ ಶಿಫಾರಸು ತನ್ನಿ ಎಂದರು. ಆ ಇಲಾಖೆಯಲ್ಲಿ, ಇದು ಯಾವ ಯೋಜನೆಯಡಿ ಬರುತ್ತದೆ, ಲೆಕ್ಕಶೀರ್ಷಿಕೆ ಯಾವುದು ಎಂದು ಕೇಳಿದರು. ಹಣವನ್ನೇ ಕೇಳದವರಿಗೆ ಲೆಕ್ಕಶೀರ್ಷಿಕೆ ಎಲ್ಲಿಂದ ಬರಬೇಕು?

ಇದನ್ನೆಲ್ಲ ಸಹಿಸಬಹುದಿತ್ತು. ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆದದ್ದನ್ನು ಸಹಿಸಲಾಗುತ್ತಿಲ್ಲ. ಆ ಶಾಲೆಯ ಕಂಪ್ಯೂಟರ್‌ಗಳು ವರ್ಷಗಟ್ಟಲೆ ಬಟ್ಟೆ ಹೊದ್ದು ಕುಳಿತಿದ್ದವು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ರಜೆಯಲ್ಲಿ ಹೋಗಿ ದೂಳು ಕೊಡವಿ, ಎರಡು ಯಂತ್ರಗಳ ಮೆಮೊರಿ ತೆಗೆದು ಬೇರೆ ಎರಡಕ್ಕೆ ಹಾಕಿ, ಉಬುಂಟು ಎಂಬ ಲಿನಕ್ಸ್ ಮತ್ತು ಬರವಣಿಗೆ, ಲೆಕ್ಕಪತ್ರಕ್ಕೆ ಬಳಸುವ ಲಿಬ್ರೆ ಆಫೀಸ್ ಕೂರಿಸಿದೆವು. ಪರದೆಯ ಮೇಲೆ ಕನ್ನಡದ ಮೆನು ಕಂಡಾಗ ಮಕ್ಕಳು ಬೆಂಚು ಬಿಟ್ಟೆದ್ದು ಬಂದು ಮುತ್ತಿಕೊಂಡರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ತಾತನ ಆಲೆಮನೆಯ ಬಗ್ಗೆ ಬರೆಯತೊಡಗಿದಳು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವುದು, ಮೇಲೆ ಕಟ್ಟಿದ ಕೊಳೆಯನ್ನು ತೆಗೆಯುವುದು, ಪಾಕ ಬಂದಿತೆಂದು ತಾತ ಬೆರಳಲ್ಲಿ ನೋಡಿ ಹೇಳುವುದು, ಎಲ್ಲವನ್ನೂ ದಿನಕ್ಕೊಂದಿಷ್ಟರಂತೆ ಬರೆದಳು. ಅವಳ ಹೆಸರಿನ ಫೋಲ್ಡರ್‌ನಲ್ಲಿ ಹಲವು ಪುಟಗಳಾಗಿದ್ದವು. ಕನ್ನಡ ವಿಕಿಪೀಡಿಯದಲ್ಲಿ ಬರೆಯುವುದನ್ನು ಅವಳಿಗೆ ಕಲಿಸಬೇಕೆಂದು ನಾವು ಮಾತಾಡಿಕೊಂಡಿದ್ದೆವು.

ಒಂದು ದಿನ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪರದೆ ನೋಡಿ, ಇದು ಯಾರ ಅನುಮತಿಯಿಂದ ಹಾಕಿದ್ದು, ಪರವಾನಗಿ ಎಲ್ಲಿ ಎಂದು ಗದರಿದರು. ಪರವಾನಗಿಯನ್ನು ಮುದ್ರಿಸಿ ತೋರಿಸಿದೆವು. ಯಾರು ಬೇಕಾದರೂ ಬಳಸಬಹುದು, ಪ್ರತಿ ಮಾಡಿ ಹಂಚಬಹುದು, ಒಳಗಿನ ಸಂಕೇತವನ್ನು ಓದಿ ತಿದ್ದಬಹುದು ಎಂದು ಅದರಲ್ಲೇ ಬರೆದಿದೆ. ಬಿಟ್ಟಿ ಸಿಗುವುದು ಅಧಿಕೃತವಾಗಿರಲು ಸಾಧ್ಯವಿಲ್ಲ ಎಂದು ಹೇಳಿ ಅವರು ಕೊಠಡಿಗೆ ಬೀಗ ಹಾಕಿಸಿದರು. ಕೆಲವು ವಾರಗಳ ನಂತರ ಯಾರೋ ತಂತ್ರಜ್ಞರು ಬಂದು ಎಲ್ಲ ಹಾರ್ಡ್ ಡಿಸ್ಕ್‌ಗಳನ್ನು ಅಳಿಸಿ ವಿಂಡೋಸ್ ಹಾಕಿ ಹೋದರು. ನಾವು ಹೋಗಿ ನೋಡಿದಾಗ ಪ್ರತಿ ಪರದೆಯ ಬಲಮೂಲೆಯಲ್ಲಿ, ಈ ಪ್ರತಿ ಅಸಲಿಯಲ್ಲ ಎಂಬ ಎಚ್ಚರಿಕೆ ತೇಲುತ್ತಿತ್ತು. ಕಾನೂನುಬದ್ಧವಾದುದನ್ನು ಅನಧಿಕೃತ ಎಂದು ತೆಗೆಸಿ ಕಳ್ಳಪ್ರತಿಯನ್ನು ಸರ್ಕಾರಿ ಶಾಲೆಗೆ ತುಂಬಿದರು! ಆಲೆಮನೆಯ ಪುಟಗಳು ಹೋದವು. ಆ ಹುಡುಗಿ ಏನು ಕೇಳಿದಳು ಗೊತ್ತೇ? ‘ಸರ್, ನಾನು ತಪ್ಪು ಬಟನ್ ಒತ್ತಿದೆನಾ?’ ಎಂದಳು. ಆ ಮಗುವಿಗೆ ಉತ್ತರ ಕೊಡಬೇಕಾದವರು ಯಾರು? ಇದಕ್ಕೆ ಯಾರನ್ನೂ ಹೊಣೆ ಮಾಡುವವರಿಲ್ಲವೇ?

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ಕೇಂದ್ರ ಸರ್ಕಾರದ ಮತ್ತು ಈ ನೀತಿಯನ್ನು ಒಪ್ಪಿಕೊಂಡ ರಾಜ್ಯಗಳ ಸಂಸ್ಥೆಗಳು ತಂತ್ರಾಂಶ ಆರಿಸುವಾಗ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕು, ಕೈಬಿಟ್ಟರೆ ಕಾರಣ ದಾಖಲಿಸಬೇಕು ಎಂಬುದು 2015ರ ಕೇಂದ್ರದ ನೀತಿ. ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯೇ ಬಾಸ್ ಎಂಬ ಲಿನಕ್ಸ್ ರೂಪಿಸಿ ಹಂಚುತ್ತ ಬಂದಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ಇಂಥ ಸ್ವತಂತ್ರ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ನಮ್ಮ ರಾಜ್ಯದಲ್ಲೇ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ನಡೆದಿದೆ. ಮಂಡ್ಯದಲ್ಲಿ ಮಾತ್ರ ಇದು ಅಪರಾಧವಾಗುವುದು ಹೇಗೆ?

ಕಾಯಲು ಸಮಯವೂ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಶಾಲೆ, ಗ್ರಂಥಾಲಯಗಳಲ್ಲಿರುವ ಹಳೆಯ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ, ಅದು ಹೊಸ ಪ್ರೊಸೆಸರ್ ಬೇಡುತ್ತದೆ, ಟಿಪಿಎಂ ಎಂಬ ಭದ್ರತಾ ಚಿಪ್ ಬೇಡುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಅವು ನಿರುಪಯುಕ್ತ ಎಂಬ ಷರಾದೊಂದಿಗೆ ಹರಾಜಿಗೆ ಹೋಗುತ್ತವೆ. ಅದೇ ಯಂತ್ರಗಳು ಲಿನಕ್ಸ್‌ನಲ್ಲಿ ಇನ್ನೂ ವರ್ಷಗಳ ಕಾಲ ದುಡಿಯಬಲ್ಲವು. ಹರಾಜಿಗೆ ಕಳುಹಿಸುವ ಮೊದಲು ಒಮ್ಮೆ ನಮ್ಮ ಕೈಗೆ ಕೊಡಿ.

2024ರ ಡಿಸೆಂಬರ್‌ನಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಿನಲ್ಲಿ ನಡೆಯಿತು. ತಂತ್ರಜ್ಞಾನದಲ್ಲಿ ಕನ್ನಡ ಬೆಳೆಯಬೇಕು ಎಂಬ ಮಾತು ಸಮ್ಮೇಳನಗಳ ವೇದಿಕೆಯಿಂದ ಎಷ್ಟು ವರ್ಷಗಳಿಂದ ಕೇಳುತ್ತಿದೆ! ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ನ ಮೆನುಗಳು ಕನ್ನಡದಲ್ಲಿ ಕಾಣುತ್ತಿದ್ದರೆ ಅದರ ಹಿಂದೆ ಸಂಬಳವಿಲ್ಲದೆ ಕುಳಿತು ಅನುವಾದಿಸಿದ ಹುಡುಗ ಹುಡುಗಿಯರಿದ್ದಾರೆ. ಅಂಥವರನ್ನು ಮಂಡ್ಯದಲ್ಲಿ ತಯಾರು ಮಾಡಲು ಹೊರಟರೆ ಕೂರಲು ಜಾಗವಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಓದು ಮುಗಿಸಿ ಬೆಂಗಳೂರಿಗೆ ಹೋಗಲಿದ್ದಾರೆ. ಅವರು ಇಲ್ಲಿರುವಾಗಲೇ ಪ್ರತಿ ತಾಲ್ಲೂಕಿನಲ್ಲಿ ಒಂದು ತಂಡ ಕಟ್ಟಬೇಕು. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆಗಳಲ್ಲಿ ಆಸಕ್ತರು ಈಗಾಗಲೇ ಇದ್ದಾರೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ಭಾನುವಾರ ಅರ್ಧ ದಿನ ಬಿಟ್ಟುಕೊಟ್ಟರೂ ಸಾಕು. ವಿದ್ಯುತ್ ಬಿಲ್ ನಾವೇ ಕಟ್ಟುತ್ತೇವೆ, ಕೊಠಡಿ ಗುಡಿಸಿ ಬೀಗದ ಕೈ ಒಪ್ಪಿಸಿ ಹೋಗುತ್ತೇವೆ. ಏನಾದರೂ ಹಾಳಾದರೆ ನಮ್ಮಿಂದಲೇ ವಸೂಲಿ ಮಾಡಿ, ಬರೆದು ಕೊಡಲು ಸಿದ್ಧರಿದ್ದೇವೆ.

ಶಾಲೆಗಳ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಲು ಸ್ವಯಂಸೇವಕರಿಗೆ ಅನುಮತಿ ಇದೆ ಎಂದು ಒಂದು ಆದೇಶ ಹೊರಡಿಸಿ. ಅದರ ಪ್ರತಿ ಪ್ರತಿಯೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಗೆ ತಲುಪಲಿ. ಮಕ್ಕಳ ಫೈಲುಗಳನ್ನು ಉಳಿಸಿಕೊಳ್ಳದೆ ಯಾವ ಹಾರ್ಡ್ ಡಿಸ್ಕನ್ನೂ ಅಳಿಸಕೂಡದು ಎಂಬ ಸಾಲೊಂದು ಅದರಲ್ಲಿರಲಿ. ಭಾನುವಾರಕ್ಕೆ ಒಂದು ಕೊಠಡಿ ಕೊಡಿ. ಕೊಡಲಾಗದಿದ್ದರೆ ಕಾರಣ ಬರೆದು, ಸಹಿ ಮಾಡಿ ಹಿಂಬರಹ ಕೊಡಿ. ಅದನ್ನಾದರೂ ಕೇಳುವ ಹಕ್ಕು ನಮಗಿದೆ.

ಇಂತಿ,
ತಂಡದ ಪರವಾಗಿ ಒಬ್ಬ ಸ್ವಯಂಸೇವಕ
ಮಂಡ್ಯ