ಸಲಿಂಗ ಮದುವೆ ಚರ್ಚೆ: ಗುಂಪಿನವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಸಲಿಂಗ ಜೋಡಿಗಳ ಮದುವೆಗೆ ಕಾನೂನಿನ ಮಾನ್ಯತೆ ಬೇಕೇ ಅಂತ ನಿನ್ನೆಯಿಂದ ನಡೆಯುತ್ತಿರುವ ಚರ್ಚೆ ನಿಲ್ಲುವುದು ಬೇಡ. ಹೀಯಾಳಿಸುವ ಸ್ಟಿಕ್ಕರ್, ಮೀಮ್ ಮಾತ್ರ ಹಾಕಬೇಡಿ. ಸುಮ್ನೆ ಓದುತ್ತಾ ಕೂತವರಲ್ಲಿ ಯಾರಿಗೆ ಇದು ಸ್ವಂತ ಬದುಕಿನ ಪ್ರಶ್ನೆಯೋ ನಮಗೆ ಗೊತ್ತಿಲ್ಲ, ಅಲ್ವಾ?

"ಕಾನೂನು ತರೋಕೆ ಇಷ್ಟೊಂದು ಅವಸರ ಯಾಕೆ?" ಅಂತ ಹಲವರು ಕೇಳಿದ್ದೀರಿ. ನನಗಂತೂ ಇದು ಅವಸರ ಅನ್ನಿಸುವುದಿಲ್ಲ. ಡೆನ್ಮಾರ್ಕ್ 1989ರಲ್ಲೇ ಸಲಿಂಗ ಜೋಡಿಗಳ ನೋಂದಣಿ ಶುರು ಮಾಡಿತು. ಪೂರ್ತಿ ಮದುವೆಯ ಹಕ್ಕು ಕೊಟ್ಟಿದ್ದು 2012ರಲ್ಲಿ. ಅಷ್ಟರಲ್ಲಿ ನೆದರ್‌ಲ್ಯಾಂಡ್ಸ್ 2001ರಲ್ಲೇ ಕೊಟ್ಟಾಗಿತ್ತು. ಐರ್ಲೆಂಡ್‌ನದು ಇನ್ನೂ ಗಮನಿಸಬೇಕಾದ ಕಥೆ. ಗಂಡಸರ ನಡುವಿನ ಸಂಬಂಧ ಅಲ್ಲಿ 1993ರವರೆಗೂ ಅಪರಾಧ. 2015ರಲ್ಲಿ ಅದೇ ದೇಶದ ಜನ ಓಟು ಹಾಕಿ ಈ ಮದುವೆಯನ್ನು ಒಪ್ಪಿದರು, ಶೇ. 62ರಷ್ಟು ಮಂದಿ. ತೈವಾನ್‌ನಲ್ಲಿ ಉಲ್ಟಾ. ಈ ಮದುವೆಗೆ ಅವಕಾಶ ಕೊಡಬೇಕು ಅಂತ 2017ರಲ್ಲಿ ಕೋರ್ಟ್ ಹೇಳಿತು, 2018ರ ಜನಮತದಲ್ಲಿ ವಿರೋಧವೇ ಜಾಸ್ತಿ ಬಂತು, ಆದರೂ 2019ರಲ್ಲಿ ಕಾನೂನು ಆಯಿತು.

ಹಾಗಾಗಿ "ಮೊದಲು ಸಮಾಜ ಒಪ್ಪಲಿ, ಆಮೇಲೆ ಕಾನೂನು" ಅನ್ನುವುದು ಎಲ್ಲ ಕಡೆ ನಡೆದ ದಾರಿಯಲ್ಲ. ಕಾಯಿರಿ ಅನ್ನುವುದು ಕಾಯಬೇಕಿಲ್ಲದವರಿಗೆ ಸುಲಭ. ಐಸಿಯು ಬಾಗಿಲಲ್ಲಿ ಒಂದು ಫಾರಂ ಕೊಡುತ್ತಾರೆ, "ರೋಗಿಗೆ ನೀವು ಏನಾಗಬೇಕು?" ಅಂತ. ವರ್ಷಗಟ್ಟಲೆ ಒಟ್ಟಿಗೆ ಸಂಸಾರ ಮಾಡಿದವರು ಅಲ್ಲಿ "ಸ್ನೇಹಿತ" ಅಂತ ಬರೆದು ಹೊರಗೆ ನಿಲ್ಲಬೇಕಾಗುತ್ತದೆ. ಮನೆ, ಪಿಂಚಣಿ, ಮಗುವಿನ ಹೊಣೆ, ಎಲ್ಲದರಲ್ಲೂ ಇದೇ ಪಾಡು.

ಒಪ್ಪದವರು ಕಾರಣ ಕೊಟ್ಟು ಬರೆಯಿರಿ. ಧರ್ಮ, ಸಂಪ್ರದಾಯದ ಮಾತೂ ಬರಲಿ, ಖಂಡಿತ ಓದುತ್ತೇನೆ. ಯಾರನ್ನಾದರೂ ಬಯ್ಯುವ ಸಂದೇಶ ಬಂದರೆ ಅಳಿಸುತ್ತೇನೆ.